ವಿಮಾನದ ಕಾನೂನು, ಬಾಹ್ಯಾಕಾಶದ ಕಾನೂನು: ನಮ್ಮ ಕಡೆಯವರು ಎಲ್ಲಿ ಓದಬೇಕು?

ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆ ಮೂರು ಜನರಿಂದ ಬಂತು.

ಮೊದಲನೆಯವರು ಸಿಂಧನೂರಿನ ಒಬ್ಬ ತಾಯಿ. "ಸರ್, ಮಗಳು ಎರಡನೇ ಪಿಯುಸಿ. ಚಂದ್ರಯಾನ ಇಳಿದದ್ದು ನೋಡಿದಾಗಿಂದ ಸ್ಪೇಸ್ ಲಾ ಓದ್ತೀನಿ ಅಂತ ಹಟ ಹಿಡಿದಾಳ. ಅಂಥಾದ್ದೊಂದು ಓದು ಐತೇನ್ರಿ?" ಎರಡನೆಯವನು ಬಳ್ಳಾರಿಯಲ್ಲೇ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿರುವ ಹುಡುಗ. ಅವನಿಗೆ ಪಾಠ ಮಾಡುವ ಆಸೆ. ಮೂರನೆಯವರು ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ವಯಸ್ಸು 40ರ ಹತ್ತಿರ. ಮನೆಸಾಲ ಇದೆ, ಕೆಲಸ ಬಿಡುವ ಹಾಗಿಲ್ಲ. ಆದರೆ ದಿನಾ ಡ್ಯೂಟಿಗೆ ಹೋಗುವಾಗ ವಿದ್ಯಾನಗರದ ಏರ್‌ಪೋರ್ಟ್ ಕಣ್ಣಿಗೆ ಬೀಳುತ್ತದೆ. ಆ ಕಡೆ ಏನಾದರೂ ಓದಬೇಕು ಅನಿಸಿದೆ.

ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ನಾನು ಬಳ್ಳಾರಿಯಲ್ಲಿ ವಕೀಲ, ವಾರದಲ್ಲಿ ಕೆಲವು ತಾಸು ಪಾಠವನ್ನೂ ಮಾಡುತ್ತೇನೆ. ಈ ವಿಷಯಕ್ಕೆ ನಾನು ಬಂದದ್ದು ಒಂದು ಮುರಿದ ಸೂಟ್‌ಕೇಸ್‌ನಿಂದ. ಗಲ್ಫ್‌ನಿಂದ ಬಂದ ಕಕ್ಷಿದಾರರೊಬ್ಬರ ಬ್ಯಾಗು ವಿಮಾನದಲ್ಲಿ ಚಿಂದಿಯಾಗಿತ್ತು. ಅವರು ನನ್ನ ಹತ್ತಿರ ಬಂದಾಗ ಆಗಲೇ ಇಪ್ಪತ್ತು ದಿನ ಕಳೆದಿತ್ತು. "ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಟೈಮ್ ಇದೆ, ಅರ್ಜೆಂಟ್ ಏನಿಲ್ಲ" ಎಂದು ಧೈರ್ಯವಾಗಿ ಹೇಳಿದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ಅದರ ಪ್ರಕಾರ ಬ್ಯಾಗು ಹಾಳಾದರೆ ಕೈಗೆ ಸಿಕ್ಕ 7 ದಿನದೊಳಗೆ ಲಿಖಿತ ದೂರು ಕೊಡಬೇಕು, ಬ್ಯಾಗು ತಡವಾಗಿ ಬಂದಿದ್ದರೆ 21 ದಿನದೊಳಗೆ. ಇದು ನನಗೆ ಗೊತ್ತೇ ಇರಲಿಲ್ಲ. ಎದುರು ವಕೀಲರು ಆ ಒಂದು ಕಲಮು ತೋರಿಸಿದರು, ಕೇಸು ಬಿದ್ದುಹೋಯಿತು. ಕಕ್ಷಿದಾರರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಆಮೇಲೆ ಓದಲು ಕೂತೆ.

ಎರಡು ಬೇರೆ ಬೇರೆ ಪ್ರಪಂಚ

ಏರ್ ಲಾ, ಸ್ಪೇಸ್ ಲಾ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಇವುಗಳ ಬುನಾದಿ ಒಂದಕ್ಕೊಂದು ಉಲ್ಟಾ. 1944ರ ಶಿಕಾಗೊ ಒಪ್ಪಂದದ ಮೊದಲ ಕಲಮು ಹೇಳುತ್ತದೆ, ನೆಲ ಯಾವ ದೇಶದ್ದೋ ಅದರ ಮೇಲಿನ ಆಕಾಶವೂ ಆ ದೇಶದ್ದೇ ಎಂದು. 1967ರ ಬಾಹ್ಯಾಕಾಶ ಒಪ್ಪಂದದ ಎರಡನೇ ಕಲಮು ಹೇಳುವುದು, ಚಂದ್ರನಾಗಲಿ ಬೇರೆ ಗ್ರಹವಾಗಲಿ ಯಾವ ದೇಶದ ಸ್ವತ್ತೂ ಆಗಲಾರದು ಎಂದು. ಬಾವುಟ ನೆಟ್ಟರೂ ಅಷ್ಟೆ. ಹಾಗಾದರೆ ದೇಶದ ಆಕಾಶ ಎಲ್ಲಿ ಮುಗಿದು ಬಾಹ್ಯಾಕಾಶ ಎಲ್ಲಿ ಶುರುವಾಗುತ್ತದೆ? 100 ಕಿ.ಮೀ. ಎಂದು ಬಾಯಿಮಾತಿಗೆ ಹೇಳುತ್ತಾರೆ. ಯಾವ ಜಾಗತಿಕ ಒಪ್ಪಂದವೂ ಆ ಗೆರೆ ಎಳೆದಿಲ್ಲ. ಬಾಂದುಕಲ್ಲು ಇಲ್ಲದ ಹೊಲ ಇದ್ದಹಾಗೆ. ನಮ್ಮ ಕಡೆ ಅಂಥ ಹೊಲಕ್ಕೆ ಎಷ್ಟು ದಾವೆ ಬೀಳುತ್ತವೆ ಅಂತ ಹೇಳಬೇಕಾಗಿಲ್ಲ.

ವಿಮಾನದ ಕಾನೂನಿನಲ್ಲಿ ಕೇಸುಗಳಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ಸತ್ತರು. ಪರಿಹಾರದ ಜಗಳ ಕೇರಳ ಹೈಕೋರ್ಟಿಗೆ ಹೋಯಿತು. ಮಾಂಟ್ರಿಯಲ್ ಒಪ್ಪಂದದ ಒಂದು ಲಕ್ಷ ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ) ಎಂಬ ಮೊತ್ತವನ್ನು, ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿಯನ್ನು, ಪ್ರತಿ ಕುಟುಂಬಕ್ಕೂ ಕನಿಷ್ಠ ಎಂದು ಕೊಡಲೇಬೇಕು ಎಂದಿತು ಏಕಸದಸ್ಯ ಪೀಠ. ಇಲ್ಲ, ನಷ್ಟ ಎಷ್ಟು ಎಂದು ಸಾಬೀತು ಮಾಡಬೇಕು ಎಂದಿತು ವಿಭಾಗೀಯ ಪೀಠ. ಒಂದು ವಾಕ್ಯವನ್ನು ಹೇಗೆ ಓದಬೇಕು ಎಂಬುದರ ಮೇಲೆ ಅಷ್ಟು ಮನೆಗಳ ಲೆಕ್ಕ ನಿಂತಿತ್ತು. ಕಾಯಿದೆಗಳೂ ಹೊಸದಾಗುತ್ತಿವೆ. 1934ರ ವಿಮಾನ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದೆ. ಲೀಸಿಗೆ ತಂದ ವಿಮಾನಗಳ ಮೇಲೆ ಮಾಲೀಕರ ಹಕ್ಕು ಕಾಯಲು 2025ರಲ್ಲೇ ಇನ್ನೊಂದು ಕಾಯಿದೆ ಆಯಿತು.

ಬಾಹ್ಯಾಕಾಶದ ಕಡೆ ಕೇಸುಗಳು ಬೆರಳೆಣಿಕೆ. 1978ರಲ್ಲಿ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಕೆನಡಾದ ಹಿಮದ ಮೇಲೆ ಬಿತ್ತು. ಒಳಗೆ ಅಣು ಇಂಧನ ಇತ್ತು. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿತು, 1981ರಲ್ಲಿ 30 ಲಕ್ಷಕ್ಕೆ ರಾಜಿಯಾಯಿತು. ಪಾಠ ಮಾಡುವವರೆಲ್ಲ ಇವತ್ತಿಗೂ ಅದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಭಾರತದಲ್ಲಿ 2023ರ ಬಾಹ್ಯಾಕಾಶ ನೀತಿ ಇದೆ, ಖಾಸಗಿ ಕಂಪನಿಗಳಿಗೆ ಅನುಮತಿ ಕೊಡಲು ಇನ್-ಸ್ಪೇಸ್ ಇದೆ. 2017ರಲ್ಲಿ ಒಂದು ಮಸೂದೆಯ ಕರಡು ಬಂದಿತ್ತು, ಅದು ಕಾಯಿದೆ ಆಗಲಿಲ್ಲ. ಬೆಂಗಳೂರು, ಹೈದರಾಬಾದಿನ ಸ್ಪೇಸ್ ಕಂಪನಿಗಳಲ್ಲಿ ವಕೀಲರ ದಿನದ ಕೆಲಸ ಎಂದರೆ ಕರಾರು ಬರೆಯುವುದು, ಲೈಸೆನ್ಸ್ ಅರ್ಜಿ, ವಿದೇಶಿ ಬಂಡವಾಳದ ಲೆಕ್ಕ. 2024ರ ನಿಯಮದಲ್ಲಿ ನೇರವಾಗಿ ಬರಬಹುದಾದ ವಿದೇಶಿ ಬಂಡವಾಳ ಉಪಗ್ರಹಕ್ಕೆ 74 ಪರ್ಸೆಂಟ್, ರಾಕೆಟ್‌ಗೆ 49 ಪರ್ಸೆಂಟ್. ಇಂಥದ್ದನ್ನು ಬಾಯಿಪಾಠ ಇಟ್ಟುಕೊಂಡವರಿಗೆ ಅಲ್ಲಿ ಕೆಲಸ. ಚಂದ್ರನ ಒಡೆತನದ ಬಗ್ಗೆ ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಹೊಟ್ಟೆಪಾಡಿಗೆ ವಿಮಾನ, ಮನಸ್ಸಿಗೆ ಬಾಹ್ಯಾಕಾಶ. ಎರಡೂ ಒಟ್ಟಿಗೆ ಸಿಕ್ಕರೆ ಸಂತೋಷ.

ಏನನ್ನು ನೋಡಿ ಆಯ್ಕೆ ಮಾಡಬೇಕು?

ಬ್ರೋಷರ್‌ನಲ್ಲಿರುವ ರಾಕೆಟ್ ಚಿತ್ರ ಪಕ್ಕಕ್ಕಿಡಿ. ಮೊದಲು ನೋಡಬೇಕಾದ್ದು, ಆ ಸರ್ಟಿಫಿಕೇಟು ಯಾವ ಬಾಗಿಲು ತೆಗೆಯುತ್ತದೆ ಎಂಬುದು. ಜನ ಎಡವುವುದು ಇಲ್ಲೇ. ವಕೀಲಿಕೆಗೆ ಬಾರ್ ಕೌನ್ಸಿಲ್ ಒಪ್ಪುವ ಎಲ್‌ಎಲ್‌ಬಿ ಬೇಕು, ಅದು ಅಂಚೆ ಶಿಕ್ಷಣದಲ್ಲಿ ಸಿಗುವುದಿಲ್ಲ. ಲಾ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್‌ಡಿ. ಕಂಪನಿಯ ಕೆಲಸಕ್ಕೆ ಇವೆರಡಕ್ಕಿಂತ ವಿಷಯ ಗೊತ್ತಿದೆಯೇ ಎಂಬುದು ಮುಖ್ಯ. ಈ ಮೂರರಲ್ಲಿ ಯಾವುದು ಬೇಕು ಎಂದು ನಿಮಗೇ ಗೊತ್ತಿಲ್ಲದಿದ್ದರೆ ಫೀಸು ಕಟ್ಟಬೇಡಿ.

ಎರಡನೆಯದು ಹಣ. ಕೋರ್ಸ್ ಫೀಸು ಒಂದೇ ಹಣವಲ್ಲ. ಬಾಡಿಗೆ, ಓಡಾಟ, ಕೆಲಸ ಬಿಟ್ಟರೆ ನಿಂತುಹೋಗುವ ಸಂಬಳ, ಎಲ್ಲ ಸೇರಿಸಿ. ಮೂರನೆಯದು, ಮನೆ ಬಿಟ್ಟು ಎಷ್ಟು ದಿನ ಇರಬಲ್ಲಿರಿ? ನಾಲ್ಕನೆಯದು, ಅಲ್ಲಿ ಕೈಹಿಡಿದು ಕಲಿಸುವವರು ಇದ್ದಾರೆಯೇ, ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಅಭ್ಯಾಸ ಇದೆಯೇ? ಕೊನೆಯದು ಇಂಗ್ಲಿಷ್. ಇದನ್ನು ಬಹಳ ಜನ ನಾಚಿಕೊಂಡು ಕೇಳುವುದೇ ಇಲ್ಲ. ಈ ವಿಷಯದ ಒಪ್ಪಂದ, ಪುಸ್ತಕ, ತೀರ್ಪು ಬಹುತೇಕ ಇಂಗ್ಲಿಷ್‌ನಲ್ಲೇ ಇವೆ. ಕನ್ನಡ ಮಾಧ್ಯಮದಿಂದ ಬಂದವರು ಅದಕ್ಕೆ ಒಂದು ವರ್ಷ ಜಾಸ್ತಿ ಹಿಡಿದುಕೊಂಡರೆ ತಪ್ಪೇನಿಲ್ಲ. ನಾನೂ ಹಿಡಿದುಕೊಂಡೆ.

ಇಲ್ಲೇ ಎಲ್‌ಎಲ್‌ಬಿ, ಪಕ್ಕದಲ್ಲಿ ಸ್ವಂತ ಓದು

ಬಳ್ಳಾರಿ, ರಾಯಚೂರಿನ ಲಾ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಪದವಿ ಆದವರಿಗೆ 3 ವರ್ಷ, ಪಿಯುಸಿ ಆದವರಿಗೆ 5 ವರ್ಷ. ಫೀಸು ಈ ಪಟ್ಟಿಯಲ್ಲೇ ಎಲ್ಲಕ್ಕಿಂತ ಕಡಿಮೆ. ಮನೆಯ ಊಟ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಬಾಗಿಲ ಲೆಕ್ಕದಲ್ಲಿ ದೊಡ್ಡ ಬಾಗಿಲೇ ತೆಗೆಯುತ್ತದೆ, ವಕೀಲಿಕೆಯದು.

ಆದರೆ ವಿಮಾನ, ಬಾಹ್ಯಾಕಾಶದ ಕಾನೂನು ಇಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪೇಪರಿನಲ್ಲಿ ಒಂದು ಮೂಲೆ. ಹೆಚ್ಚೆಂದರೆ ಎರಡು ಮೂರು ಕ್ಲಾಸು. ಪರೀಕ್ಷೆಯಲ್ಲಿ ಸಣ್ಣ ಟಿಪ್ಪಣಿಗೆ ಬರುತ್ತದೆ. ಅಷ್ಟಕ್ಕೇ ಬಿಟ್ಟರೆ ಅಷ್ಟೇ.

ಬಿಡದವರಿಗೆ ಇದು ಕೆಟ್ಟ ದಾರಿಯಲ್ಲ. ಐದೂ ಬಾಹ್ಯಾಕಾಶ ಒಪ್ಪಂದಗಳು ವಿಶ್ವಸಂಸ್ಥೆಯ ಬಾಹ್ಯಾಕಾಶ ಕಚೇರಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 1967ರದು ಮೂಲ. ಆಮೇಲೆ 1968ರ ಗಗನಯಾತ್ರಿಗಳ ರಕ್ಷಣೆಯದು, 1972ರ ಪರಿಹಾರದ್ದು, 1975ರ ನೋಂದಣಿಯದು, 1979ರ ಚಂದ್ರನದು. ಕೊನೆಯದಕ್ಕೆ ಭಾರತ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ಎಲ್ಲ ಸೇರಿಸಿದರೂ ಒಂದು ಸಣ್ಣ ಪುಸ್ತಕದಷ್ಟು. ಒಂದು ದಸರಾ ರಜೆ ಸಾಕು. ಡ್ರೋನ್ ನಿಯಮ, ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ಸುತ್ತೋಲೆಗಳು ಕೂಡ ಹೀಗೇ ಸಿಗುತ್ತವೆ.

ಇನ್ನೊಂದು ಮಾತು. ನಮ್ಮ ಕಡೆ ವಿಷಯಕ್ಕೆ ಬರ ಇಲ್ಲ. 2021ರಿಂದ 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗಣಿ ಗುತ್ತಿಗೆಯವರು ಅಥವಾ ವರ್ಷಕ್ಕೆ 10 ಲಕ್ಷ ಟನ್ನಿಗೆ ಕಡಿಮೆಯಿಲ್ಲದೆ ಅಗೆಯುವವರು, ಪ್ರತಿ ವರ್ಷ ಡ್ರೋನ್ ಸರ್ವೆಯ ಚಿತ್ರ ಕೊಡಬೇಕು. ಉಳಿದವರು ಉಪಗ್ರಹ ಚಿತ್ರ ಕೊಡಬೇಕು. ಸಂಡೂರಿನ ಬೆಟ್ಟಗಳ ಮೇಲೆ ಈಗ ಆಕಾಶದಿಂದ ಕಣ್ಣಿದೆ. ಆ ಚಿತ್ರ ಯಾರ ಸ್ವತ್ತು, ಕೋರ್ಟಿನಲ್ಲಿ ಸಾಕ್ಷಿಯಾಗಿ ಹೇಗೆ ಹಾಜರುಪಡಿಸಬೇಕು? ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗೆ ಡ್ರೋನ್ ಔಷಧಿ ಹೊಡೆಯುತ್ತದೆ. ಗಾಳಿಗೆ ಪಕ್ಕದ ಹೊಲದ ಬೆಳೆ ಸುಟ್ಟರೆ ಯಾರು ಕೊಡಬೇಕು? ತೋರಣಗಲ್ಲಿನಲ್ಲೂ ಗಿಣಿಗೇರಾ ಹತ್ತಿರವೂ ಕಾರ್ಖಾನೆಯವರ ರನ್‌ವೇಗಳಿವೆ. ಖಾಸಗಿ ರನ್‌ವೇಗೆ ಊರಿನ ಜನರ ವಿಮಾನ ಬರಬೇಕಾದರೆ ಕಾನೂನು ಏನು ಹೇಳುತ್ತದೆ? ಬಳ್ಳಾರಿ ಹತ್ತಿರ ಚಾಗನೂರು ಕಡೆ ಏರ್‌ಪೋರ್ಟಿಗೆ ಎಂದು ಜಮೀನು ಹೋಗಿ ವರ್ಷಗಳೇ ಆದವು. ದೂರದ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಕೂತು ಓದುವವರಿಗೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ.

ಮೂಟ್ ಕೋರ್ಟ್ ಬಗ್ಗೆ ಹೇಳಲೇಬೇಕು. ಬಾಹ್ಯಾಕಾಶ ಕಾನೂನಿಗೆ ಮ್ಯಾನ್‌ಫ್ರೆಡ್ ಲ್ಯಾಕ್ಸ್ ಸ್ಪರ್ಧೆ 1992ರಿಂದ ನಡೆಯುತ್ತಿದೆ. ಅದರ ಫೈನಲ್‌ಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳೇ ಪೀಠದಲ್ಲಿ ಕೂರುತ್ತಾರೆ. ವಿಮಾನ ಕಾನೂನಿಗೆ ಲೈಡನ್-ಸರಿನ್ ಸ್ಪರ್ಧೆ ಇದೆ. ನಮ್ಮ ಜಿಲ್ಲಾ ಕಾಲೇಜಿನಿಂದ ತಂಡ ಕಳಿಸುವುದಕ್ಕೆ ಪ್ರಿನ್ಸಿಪಾಲರ ಮನವೊಲಿಸಬೇಕು, ದುಡ್ಡು ಹೊಂದಿಸಬೇಕು, ಎಲ್ಲಾ ತಲೆನೋವೇ. ಆದರೂ ಒಮ್ಮೆ ಈ ಸ್ಪರ್ಧೆಗಳಿಗೆ ಕೊಟ್ಟ ಒಂದು ಹಳೆಯ ಸಮಸ್ಯೆ ತೆಗೆದು ಎರಡೂ ಕಡೆಯ ವಾದ ಬರೆದು ನೋಡಿ. ಗೆಲ್ಲದಿದ್ದರೂ ಆ ನಾಲ್ಕು ತಿಂಗಳಲ್ಲಿ ಕಲಿಯುವಷ್ಟು ಎರಡು ಸೆಮಿಸ್ಟರ್‌ನಲ್ಲಿ ಕಲಿಯುವುದಿಲ್ಲ.

ಸಿಎಲ್‌ಎಟಿ ಬರೆದು ರಾಷ್ಟ್ರೀಯ ಕಾನೂನು ಶಾಲೆ

ಪಿಯುಸಿ ಮಕ್ಕಳಿಗೆ ಇದು. ಸಿಎಲ್‌ಎಟಿ ಎಂದರೆ ಈ ಶಾಲೆಗಳ ಪ್ರವೇಶ ಪರೀಕ್ಷೆ. ಡಿಸೆಂಬರ್‌ನಲ್ಲಿ ಪರೀಕ್ಷೆ, 120 ಪ್ರಶ್ನೆ, ಎರಡು ತಾಸು, ಪೂರ್ತಿ ಇಂಗ್ಲಿಷ್. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25 ಪರ್ಸೆಂಟ್ ಸೀಟು ಇದೆ. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಸಿಂಧನೂರಿನ ಹುಡುಗಿಗೆ ಅದು ಲೆಕ್ಕಕ್ಕೆ ಬರುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ನಮ್ಮ 371ಜೆ ಪ್ರಮಾಣಪತ್ರಕ್ಕೆ ಹೈದರಾಬಾದಿನ ಕಾನೂನು ಶಾಲೆಯಲ್ಲಿ ಬೆಲೆ ಇಲ್ಲ, ಅದನ್ನು ನೆಚ್ಚಿಕೊಂಡು ಅರ್ಜಿ ಹಾಕಬೇಡಿ.

ಇಲ್ಲೂ ಬಾಹ್ಯಾಕಾಶ ಕಾನೂನು ಮೇಲಿನ ವರ್ಷಗಳಲ್ಲಿ ಆಯ್ಕೆ ವಿಷಯವಾಗಿ ಬಂದರೆ ಬಂತು. ಐದು ವರ್ಷ ಓದುವುದು ಕರಾರು, ಅಪರಾಧ, ಸಂವಿಧಾನವನ್ನೇ. ಆದರೆ ಮೂಟ್ ತಂಡ, ಸೀನಿಯರ್‌ಗಳು, ಗ್ರಂಥಾಲಯ, ಇಂಟರ್ನ್‌ಶಿಪ್, ಇವು ಸಿಗುತ್ತವೆ. ಖರ್ಚು ವರ್ಷಕ್ಕೆ ಲಕ್ಷಗಳಲ್ಲಿ. ಐದು ವರ್ಷದ್ದು ಕೂಡಿಸಿ ನೋಡಿ, ಆಮೇಲೆ ಮಾತಾಡೋಣ. ಕೋಚಿಂಗ್‌ಗೆ ಬೆಂಗಳೂರಿಗೆ ಹೋಗಲೇಬೇಕು ಎನ್ನುವವರ ಮಾತು ಪೂರ್ತಿ ನಂಬಬೇಡಿ. ದಿನಾ ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸ ಇಲ್ಲದ ಮಗುವಿಗೆ ಯಾವ ಕೋಚಿಂಗೂ ಸಾಲುವುದಿಲ್ಲ.

ಹೈದರಾಬಾದಿನ ದೂರಶಿಕ್ಷಣ

ನಮ್ಮ ಕಡೆಯ ಉದ್ಯೋಗಸ್ಥರಿಗೆ ಹೊಂದುವ ದಾರಿ ಎಂದರೆ ಇದೇ. ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ ವಾಯು-ಬಾಹ್ಯಾಕಾಶ ಮತ್ತು ರಕ್ಷಣಾ ಕಾನೂನುಗಳಿಗೇ ಒಂದು ಕೇಂದ್ರವಿದೆ. ಅಲ್ಲಿ ದೂರಶಿಕ್ಷಣದಲ್ಲಿ ವಿಮಾನ ಕಾನೂನು ಮತ್ತು ವಾಯು ಸಾರಿಗೆ ನಿರ್ವಹಣೆಯ ಎಂಎ ಇದೆ, ಬಾಹ್ಯಾಕಾಶ ಮತ್ತು ದೂರಸಂಪರ್ಕ ಕಾನೂನಿನ ಎಂಎ ಬೇರೆ ಇದೆ. ಎರಡೂ ಎರಡು ವರ್ಷದ್ದು. ಒಂದು ವರ್ಷದ ಪಿಜಿ ಡಿಪ್ಲೊಮಾಗಳೂ ಇವೆ. ಒಂದು ವಿಮಾನ ಕಾನೂನಿನದು, ಇನ್ನೊಂದು ಜಿಐಎಸ್ (ಕಂಪ್ಯೂಟರ್ ನಕ್ಷೆ) ಮತ್ತು ದೂರಸಂವೇದಿ (ಆಕಾಶದಿಂದ ಚಿತ್ರ ತೆಗೆಯುವ) ಕಾನೂನಿನದು. ಯಾವ ಪದವಿ ಆದವರೂ ಸೇರಬಹುದು. ಬಿಇ, ಬಿಕಾಂ, ಬಿಎಸ್‌ಸಿ ಅಗ್ರಿ, ಯಾವುದಾದರೂ.

ರಾಯಚೂರಿನವರಿಗೆ ಇದು ಇನ್ನೂ ಅನುಕೂಲ. ಬೆಂಗಳೂರಿನ ಅರ್ಧ ದೂರಕ್ಕೇ ಹೈದರಾಬಾದ್ ಸಿಗುತ್ತದೆ. ರಾತ್ರಿ ಊಟ ಮಾಡಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಅಲ್ಲಿರುತ್ತೀರಿ. ಆದರೆ ಕ್ಯಾಂಪಸ್ ಶಾಮೀರ್‌ಪೇಟೆಯಲ್ಲಿ, ಊರಿನ ಇನ್ನೊಂದು ತುದಿ. ಬಸ್ಸಿಳಿದ ಮೇಲೂ ಒಂದು ಪ್ರಯಾಣ ಬಾಕಿ ಇರುತ್ತದೆ.

ಈಗ ಕಹಿ ಮಾತು. ಇದು ಎಂಎ, ಎಲ್‌ಎಲ್‌ಎಂ ಅಲ್ಲ. ಇದರಿಂದ ಕರಿಕೋಟು ಹಾಕಲು ಆಗುವುದಿಲ್ಲ. ಲಾ ಕಾಲೇಜಿನಲ್ಲಿ ಕಾಯಂ ಹುದ್ದೆಗೂ ಇದು ಸಾಲುವುದಿಲ್ಲ. ನನಗೆ ಗೊತ್ತಿರುವ ಒಬ್ಬರು ಎಲ್‌ಎಲ್‌ಬಿ ಆದ ಮೇಲೆ ಇಂಥ ಎಂಎ ಮಾಡಿ, ನೆಟ್ ಅರ್ಜಿ ತುಂಬುವಾಗ ಎಡವಿದರು. ಯಾರೂ ಅವರಿಗೆ ಸುಳ್ಳು ಹೇಳಿರಲಿಲ್ಲ, ಇವರೇ ಕೇಳಿರಲಿಲ್ಲ. ಈಗಾಗಲೇ ಎಲ್‌ಎಲ್‌ಬಿ ಇರುವ ವಕೀಲರಿಗೆ, ಏರ್‌ಪೋರ್ಟು, ವಿಮೆ, ಸರಕು ಸಾಗಣೆ, ಗಣಿ ಸರ್ವೆ, ಡ್ರೋನ್ ವ್ಯವಹಾರದಲ್ಲಿ ಇರುವವರಿಗೆ ಮಾತ್ರ ಇದು ಕೊಟ್ಟ ಹಣಕ್ಕೆ ಮೋಸ ಇಲ್ಲ. ಇನ್ನೊಂದು ಕಷ್ಟ, ಒಂಟಿಯಾಗಿ ಓದಬೇಕು. ಶುರುವಿನ ಉತ್ಸಾಹ ಮೂರನೇ ತಿಂಗಳಿಗೆ ಇಳಿಯುತ್ತದೆ. ಭಾನುವಾರದ ಮದುವೆ, ಗೃಹಪ್ರವೇಶ ತಪ್ಪಿಸಲು ಆಗದವರು ಸೇರುವ ಮುಂಚೆ ಯೋಚಿಸಿ.

ಎಲ್‌ಎಲ್‌ಎಂ, ಪಾಠ ಮಾಡುವವರಿಗೆ

ಇಲ್ಲಿ ಎರಡು ಕವಲು. ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ಒಂದು ವರ್ಷದ ಎಲ್‌ಎಲ್‌ಎಂ, ಸಿಎಲ್‌ಎಟಿ ಪಿಜಿ ಬರೆದು ಹೋಗಬೇಕು. ಹುಬ್ಬಳ್ಳಿಯಲ್ಲಿ ಎರಡು ವರ್ಷದ ಎಲ್‌ಎಲ್‌ಎಂ. ಕೊಪ್ಪಳದವರಿಗೆ ಹುಬ್ಬಳ್ಳಿ ಎರಡು ತಾಸಿನ ರೈಲು.

ಒಂದು ವರ್ಷದ್ದು ಬೇಗ ಮುಗಿಯುತ್ತದೆ, ಹೆಸರಿದೆ, ಫೀಸು ಜಾಸ್ತಿ. ಎರಡು ವರ್ಷದ್ದರಲ್ಲಿ ಫೀಸು ಕಡಿಮೆ, ನೆಟ್‌ಗೆ ಓದಿಕೊಳ್ಳಲು ಸಮಯ ಸಿಗುತ್ತದೆ. ಎರಡರಲ್ಲೂ ಪ್ರಬಂಧ ಬರೆಯಬೇಕು. ವಿಮಾನ, ಬಾಹ್ಯಾಕಾಶದ ವಿಷಯ ಹಿಡಿಯುವ ಜಾಗ ಅದೇ. ಅಂತರರಾಷ್ಟ್ರೀಯ ಕಾನೂನು ಗೊತ್ತಿರುವ ಮಾರ್ಗದರ್ಶಕರು ಸಿಗುತ್ತಾರೆಯೇ ಎಂದು ಸೇರುವ ಮುಂಚೆಯೇ ವಿಚಾರಿಸಿ. ಸಿಗದಿದ್ದರೆ ಪ್ರಬಂಧ ನಿಮ್ಮದೇ, ತಪ್ಪುಗಳೂ ನಿಮ್ಮವೇ.

ನಾನಾಗಿದ್ದರೆ ಹುಬ್ಬಳ್ಳಿಗೆ ಹೋಗಿ, ಗಣಿಯ ಡ್ರೋನ್ ಚಿತ್ರಗಳ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಕಲ್ಯಾಣ ಕರ್ನಾಟಕದ ಸರ್ಕಾರಿ ಹುದ್ದೆಗಳಿಗೆ 371ಜೆ ಇದೆ, ಅಲ್ಲಿ ಪೈಪೋಟಿ ಕೊಂಚ ಕಡಿಮೆ. ಒಂದು ಎಚ್ಚರಿಕೆ: ಬಾಹ್ಯಾಕಾಶ ಕಾನೂನು ಮಾತ್ರ ಕಲಿಸುವ ಹುದ್ದೆ ನಮ್ಮ ಕಡೆ ಇಲ್ಲ. ಹಿಂದೂ ಕಾನೂನು, ಸಿವಿಲ್ ಪ್ರಕ್ರಿಯಾ ಸಂಹಿತೆ ಪಾಠ ಮಾಡುತ್ತಾ, ಆ ಒಂದು ಮೂಲೆಯನ್ನು ಬೆಳೆಸಬೇಕು.

ಲೈಡನ್, ಮಾಂಟ್ರಿಯಲ್

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಸ್ಥೆ 1951ರದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೇಂದ್ರ ಕಚೇರಿ ಅದೇ ಊರಿನಲ್ಲಿದೆ, ವಿಮಾನ ಕಂಪನಿಗಳ ಒಕ್ಕೂಟ ಐಯಾಟಾ ಕೂಡ. ನಿಯಮ ಬರೆಯುವವರ ಪಕ್ಕದಲ್ಲೇ ಕೂತು ಓದಿದ ಹಾಗೆ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಒಂದು ವರ್ಷದ ಎಲ್‌ಎಲ್‌ಎಂನಲ್ಲಿ ಎರಡೂ ವಿಷಯಗಳನ್ನು ಕಲಿಸುತ್ತಾರೆ. ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲೂ ಇದಕ್ಕೇ ಎಲ್‌ಎಲ್‌ಎಂ ಇದೆ. ಜರ್ಮನಿಯ ಕೊಲೋನ್‌ನ ಸಂಸ್ಥೆ ಇವೆಲ್ಲಕ್ಕಿಂತ ಹಳೆಯದು, ಅದು ಪಿಎಚ್‌ಡಿ ಮಾಡುವವರ ಜಾಗ.

ಲೈಡನ್‌ನ ಫೀಸು, ಬಾಡಿಗೆ, ಊಟ ಕೂಡಿಸಿದರೆ ಖರ್ಚು 30 ಲಕ್ಷ ದಾಟಿಯೇ ದಾಟುತ್ತದೆ. ಬ್ಯಾಂಕಿಗೆ ಹೋದರೆ 7.5 ಲಕ್ಷದವರೆಗೆ ಅಡಮಾನ ಇಲ್ಲದೆ ಶಿಕ್ಷಣ ಸಾಲ ಸಿಗಬಹುದು. ಅದಕ್ಕಿಂತ ಮೇಲೆ ಆಸ್ತಿ ಕೇಳುತ್ತಾರೆ. ಇಲ್ಲಿ ನಮ್ಮ ರೈತ ಕುಟುಂಬಗಳು ಸಿಕ್ಕಿಬೀಳುತ್ತವೆ. ತುಂಗಭದ್ರಾ ಎಡದಂಡೆಯ ನೀರಾವರಿ ಹೊಲ ಎಷ್ಟೇ ಬೆಲೆ ಬಾಳಲಿ, ಕೃಷಿ ಜಮೀನನ್ನು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮನೆ ಅಥವಾ ಸೈಟು ಕೇಳುತ್ತಾರೆ. ಹೊಲ ಮಾರಿ ಹೋಗುತ್ತೇನೆ ಎಂದವನಿಗೆ ನಾನು ಒಮ್ಮೆ ಕೈ ಮುಗಿದು ಬೇಡ ಎಂದಿದ್ದೇನೆ.

ಸ್ಕಾಲರ್‌ಶಿಪ್ ಸಿಗುವವರ ಮಾತು ಬೇರೆ. ಪರಿಶಿಷ್ಟ ಜಾತಿಯವರಿಗೆ, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಆದಾಯ, ವಯಸ್ಸು, ವಿಶ್ವವಿದ್ಯಾಲಯದ ರ‍್ಯಾಂಕ್ ಎಲ್ಲಕ್ಕೂ ಮಿತಿ ಇರುತ್ತದೆ. ಆ ವರ್ಷದ ಅಧಿಸೂಚನೆ ಓದಿಯೇ ಅರ್ಜಿ ಹಾಕಿ.

ಇನ್ನೊಂದು ಸಿಕ್ಕು ಇದೆ. ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿ ಪಾಠ ಮಾಡಲು ಸಮಾನವೇ ಎಂಬ ತಕರಾರು. ಬಾರ್ ಕೌನ್ಸಿಲ್‌ನ 2020ರ ನಿಯಮಗಳು ಇದನ್ನೇ ಪ್ರಶ್ನೆ ಮಾಡಿದವು. ಪಾಠವೇ ಗುರಿಯಾದರೆ ಸಮಾನತೆಯ ವಿಷಯವನ್ನು ವಿಮಾನ ಹತ್ತುವ ಮುಂಚೆ ಬರಹದಲ್ಲಿ ಕೇಳಿಕೊಳ್ಳಿ. ವಿದೇಶದ ದಾರಿ ನಿಜಕ್ಕೂ ಹೊಂದುವುದು ಮೂರು ನಾಲ್ಕು ವರ್ಷ ವಕೀಲಿಕೆ ಅಥವಾ ಕಂಪನಿಯಲ್ಲಿ ದುಡಿದು, ತನಗೇನು ಬೇಕು ಎಂದು ಗೊತ್ತಾದವರಿಗೆ. ವಿಮಾನ ಲೀಸಿಂಗ್, ವಿಮೆಯ ದೊಡ್ಡ ಕಚೇರಿಗಳಲ್ಲಿ ಆ ಹೆಸರಿಗೆ ತೂಕ ಇದೆ. ಬಳ್ಳಾರಿ ಕೋರ್ಟಿನಲ್ಲಿ ಇಲ್ಲ.

ಕಾನೂನು ಬೇಡ, ಕೆಲಸ ಬೇಕು ಎನ್ನುವವರಿಗೆ

ಕೆಲವರು ಸ್ಪೇಸ್ ಲಾ ಎಂದು ಶುರುಮಾಡಿ ಕೊನೆಗೆ ಕೇಳುವುದು ಡ್ರೋನ್ ಬಗ್ಗೆ. ಅಂಥವರಿಗೆ ಡಿಗ್ರಿ ಬೇಡ. ಡ್ರೋನ್ ನಿಯಮ 2021ರ ಪ್ರಕಾರ 2 ಕೆ.ಜಿ.ಯಿಂದ 25 ಕೆ.ಜಿ.ವರೆಗಿನದು ಸಣ್ಣ ಡ್ರೋನ್. ಔಷಧಿ ಹೊಡೆಯುವವು ಹೆಚ್ಚಿನವು ಇದರಲ್ಲೇ ಬರುತ್ತವೆ. ಅದನ್ನು ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. 18 ವರ್ಷ ತುಂಬಿ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು, ಡಿಜಿಸಿಎ ಒಪ್ಪಿದ ತರಬೇತಿ ಕೇಂದ್ರದಲ್ಲಿ ಕಲಿಯಬಹುದು. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ನಮೋ ಡ್ರೋನ್ ದೀದಿ ಯೋಜನೆ ವಿಚಾರಿಸಿ, ಡ್ರೋನಿಗೆ 80 ಪರ್ಸೆಂಟ್, ಅಂದರೆ 8 ಲಕ್ಷದವರೆಗೆ ಸಹಾಯಧನ ಇದೆ.

ಮೂವರಿಗೆ ಹೇಳಿದ್ದು

ಸಿಂಧನೂರಿನ ತಾಯಿಗೆ ಹೇಳಿದೆ: "ಅಕ್ಕಾರ, ಮಗಳು ಸಿಎಲ್‌ಎಟಿ ಒಂದು ಸಲ ಬರೀಲಿ. ಬೆಂಗಳೂರು ಸಿಕ್ಕರೆ ಕಳಿಸ್ರಿ. ಸಿಗದಿದ್ದರೆ ಫೀಸು ಸುರಿದು ದೂರದ ಖಾಸಗಿ ಕಾಲೇಜಿಗೆ ಹೋಗೋದು ಬ್ಯಾಡ, ರಾಯಚೂರಿನಲ್ಲೇ ಓದಿ ಹುಬ್ಬಳ್ಳಿ ಎಲ್‌ಎಲ್‌ಎಂ ಆಗಲಿ." ಅವರು ಕೇಳಿದ ಮರುಪ್ರಶ್ನೆ, ಹಾಸ್ಟೆಲ್ ಊಟ ಹೆಂಗಿರ್ತದ ಎಂದು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಕೊನೆಯ ವರ್ಷದ ಹುಡುಗನಿಗೆ ಸಿಎಲ್‌ಎಟಿ ಪಿಜಿ ಮತ್ತು ಹುಬ್ಬಳ್ಳಿ, ಎರಡಕ್ಕೂ ಅರ್ಜಿ ಹಾಕು ಎಂದೆ. ಎಂಎ ಫಾರಂ ಆಗಲೇ ಡೌನ್‌ಲೋಡ್ ಮಾಡಿಕೊಂಡಿದ್ದ. ಎಲ್‌ಎಲ್‌ಎಂ ಮುಗಿದ ಮೇಲೆ ಮನಸ್ಸಿದ್ದರೆ ಮಾಡು ಎಂದು ತೆಗೆದಿಡಿಸಿದೆ.

ಇಂಜಿನಿಯರ್ ಸಾಹೇಬರಿಗೆ ಹೈದರಾಬಾದಿನ ಒಂದು ವರ್ಷದ ಡಿಪ್ಲೊಮಾ ಸಾಕು, ಎರಡು ವರ್ಷದ ಎಂಎ ಆಮೇಲೆ ನೋಡಿ ಎಂದೆ. ಅವರು ಶಿಫ್ಟ್ ಪಟ್ಟಿ ತೆಗೆದು ಭಾನುವಾರಗಳನ್ನು ಎಣಿಸಿದರು. ತಿಂಗಳಿಗೆ ಎರಡು ರಜೆ ಸಿಗುತ್ತವಂತೆ. "ಒಂದು ಓದಿಗೆ, ಒಂದು ಮನೆಗೆ" ಎಂದರು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದು ಹೋಗಿದ್ದಾರೆ, ಇನ್ನೂ ಫೋನ್ ಬಂದಿಲ್ಲ.